ಸೌಡಿ ಅಪ್ಪನ ಜೊತೆ ರಿಡೋ ನಾಲೆಯಲ್ಲಿ ಏಳು ರಾತ್ರಿ

ಅಪ್ಪ 34 ವರ್ಷ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಡುವ ಸೌಡಿಯಾಗಿದ್ದವರು. ಯಾವ ತೂಬನ್ನು ಎಷ್ಟು ತಿರುವು ಎತ್ತಿದರೆ ಯಾರ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಮುಟ್ಟುತ್ತದೆ ಎಂಬ ಲೆಕ್ಕ ಅವರ ಕೈಯಲ್ಲೇ ಇತ್ತು. ನಾನು ಕೆನಡಾದ ಒಟ್ಟಾವಾಕ್ಕೆ ಬಂದು ಒಂಬತ್ತು ವರ್ಷವಾಯಿತು. ಸಂಸತ್ ಭವನದ ಮಗ್ಗುಲಲ್ಲಿ ಮೆಟ್ಟಿಲಿನಂತೆ ಇಳಿಯುವ ರಿಡೋ ನಾಲೆಯ ಎಂಟು ಲಾಕ್‌ಗಳನ್ನು, ಅಂದರೆ ದೋಣಿಯನ್ನು ಏರಿಸಿ ಇಳಿಸುವ ಕದವಿರುವ ತೊಟ್ಟಿಗಳನ್ನು, ಮೊದಲ ಸಲ ನೋಡಿದ ದಿನವೇ, ಇದನ್ನು ಅಪ್ಪ ನೋಡಬೇಕು ಅನ್ನಿಸಿತ್ತು. ಅದು ಕೈಗೂಡಿದ್ದು ಈ ಬೇಸಿಗೆಯಲ್ಲಿ. ಹಿಂತಿರುಗಿ ಮೂರು ವಾರವಾಗಿದೆ. ನಮ್ಮವರಲ್ಲಿ ಹಲವರು ದೋಣಿ ಬಾಡಿಗೆಗೆ ಪಡೆಯುವುದು ಹೇಗೆ, ಪರವಾನಗಿ ಬೇಕೇ, ವಯಸ್ಸಾದವರನ್ನು ಕರೆದೊಯ್ಯಬಹುದೇ ಎಂದು ಕೇಳುತ್ತಿದ್ದಾರೆ. ಅವರಿಗಾಗಿ ಎಲ್ಲವನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ.

ರಿಡೋ ನಾಲೆ ಒಟ್ಟಾವಾದಿಂದ ಕಿಂಗ್‌ಸ್ಟನ್‌ವರೆಗೆ 202 ಕಿಲೋಮೀಟರ್ ಇದೆ. ಹೆಸರಿಗೆ ನಾಲೆಯಾದರೂ ಅಗೆದ ಭಾಗ ಕಡಿಮೆ. ಹೆಚ್ಚಿನದೆಲ್ಲ ರಿಡೋ ಮತ್ತು ಕ್ಯಾಟರಾಕ್ವಿ ನದಿಗಳು ಮತ್ತು ಅವುಗಳ ನಡುವಿನ ಕೆರೆಗಳು. ಅಲ್ಲಲ್ಲಿ ಅಣೆಕಟ್ಟು ಕಟ್ಟಿ, ನೀರನ್ನು ನಿಲ್ಲಿಸಿ, ಲಾಕ್‌ಗಳಿಂದ ಜೋಡಿಸಿದ ದಾರಿ ಇದು. 1812ರಲ್ಲಿ ಶುರುವಾದ ಯುದ್ಧದ ಬಳಿಕ, ಅಮೆರಿಕದ ಗಡಿಗೆ ಅಂಟಿಕೊಂಡ ಸೇಂಟ್ ಲಾರೆನ್ಸ್ ನದಿಯಲ್ಲಿ ಸೇನೆಯ ಸರಕು ಸಾಗಿಸುವುದು ಅಪಾಯ ಎಂದು ಬ್ರಿಟಿಷರು ಈ ಒಳದಾರಿಯನ್ನು ಕಟ್ಟಿಸಿದರು. ಕರ್ನಲ್ ಜಾನ್ ಬೈ 1826ರಲ್ಲಿ ಕೆಲಸ ಕೈಗೆತ್ತಿಕೊಂಡರು. 1832ರಲ್ಲಿ ನಾಲೆ ತೆರೆಯಿತು. ಅಂದಿನಿಂದ ಒಂದು ವರ್ಷವೂ ನಿಲ್ಲದೆ ನಡೆದಿದೆ. 2007ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮೊದಲ ಕಾಯುವಿಕೆ ನೀರಿನಲ್ಲಲ್ಲ, ಕಾಗದದಲ್ಲಿ. ಅಪ್ಪನ ಸಂದರ್ಶಕ ವೀಸಾಕ್ಕೆ ಪಿಂಚಣಿ ಪುಸ್ತಕ, ಬ್ಯಾಂಕಿನ ಆರು ತಿಂಗಳ ವಿವರ, ಒಂದೂಕಾಲು ಎಕರೆಯ ಪಹಣಿ, ನಮ್ಮ ಆಹ್ವಾನ ಪತ್ರ, ನಮ್ಮ ಸಂಬಳದ ಚೀಟಿಗಳು ಎಲ್ಲವನ್ನೂ ಕೊಟ್ಟೆವು. ಪಹಣಿ ಕನ್ನಡದಲ್ಲಿದ್ದುದರಿಂದ ಪ್ರಮಾಣಿತ ಅನುವಾದ ಮಾಡಿಸಬೇಕಾಯಿತು. ಅದು ಮೊದಲೇ ಹೊಳೆಯದೆ ಹತ್ತು ದಿನ ಕಳೆದವು. ಬೆರಳಚ್ಚು ಕೊಡಲು ಅಪ್ಪ ಬೆಂಗಳೂರಿಗೆ ಹೋಗಿ ಬಂದರು. ಇತ್ತ ಜುಲೈ ಕೊನೆಯ ವಾರಕ್ಕೆ ದೋಣಿ ಬೇಕೆಂದರೆ ಫೆಬ್ರವರಿಯಲ್ಲೇ ಮುಂಗಡ ಕಟ್ಟಬೇಕು, ಏಕೆಂದರೆ ನಾಲೆ ತೆರೆದಿರುವುದೇ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ವೀಸಾ ಕೈಗೆ ಬರುವ ಮೊದಲೇ ಹಣ ಕಟ್ಟಿದೆವು. ಆ ಎರಡು ತಿಂಗಳು ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ಊರಿನಿಂದ ಹಿರಿಯರನ್ನು ಕರೆಸುವವರು ರದ್ದತಿಯ ಷರತ್ತನ್ನು ಅಕ್ಷರ ಬಿಡದೆ ಓದಿ, ದಿನ ಬದಲಿಸಲು ಅವಕಾಶವಿರುವ ಕಡೆಯೇ ಕಾಯ್ದಿರಿಸಿ.

ಮೋಟಾರ್ ಇರುವ ದೋಣಿ ನಡೆಸಲು ಇಲ್ಲಿ ಅರ್ಹತೆಯ ಪುರಾವೆ ಬೇಕು. ಬಾಡಿಗೆ ದೋಣಿಗೆ ಸುರಕ್ಷತಾ ಪಟ್ಟಿಗೆ ಸಹಿ ಹಾಕಿಸಿಕೊಂಡು, ತಾಸೆರಡು ತಾಸು ಪಾಠ ಹೇಳಿ ಕಳಿಸುವ ಪದ್ಧತಿಯೂ ಇದೆ. ಆದರೂ ನಾನು ಆಪರೇಟರ್ ಕಾರ್ಡಿನ ಪರೀಕ್ಷೆ ಬರೆದೆ. 50 ಪ್ರಶ್ನೆ, ತೇರ್ಗಡೆಗೆ ಶೇಕಡ 75. ನೀವೂ ಬರೆಯಿರಿ ಎಂದು ಒತ್ತಿ ಹೇಳುತ್ತೇನೆ. ನನಗೆ ಕಾರ್ಡ್ ಇದ್ದೂ ಒಂದು ಅನಾಹುತವಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ದೋಣಿ ಸ್ಮಿತ್ಸ್ ಫಾಲ್ಸ್ ಎಂಬ ಊರಿನಲ್ಲಿತ್ತು. ನಾಲೆಯ ಸರಿಸುಮಾರು ನಡು ಅದು. ಗುರುವಾರ ಮಧ್ಯಾಹ್ನ ಅಕ್ಕಿ, ರಾಗಿಹಿಟ್ಟು, ಸಾರಿನ ಪುಡಿ, ಕಾಫಿಪುಡಿ ಹೊತ್ತುಕೊಂಡು ನಾನು, ನನ್ನ ಪತಿ ಮತ್ತು ಅಪ್ಪ ಹೋದೆವು. ಎರಡು ಕೋಣೆ, ಅಡುಗೆಯ ಒಲೆ, ಶೌಚಾಲಯ ಎಲ್ಲ ಇರುವ ತೇಲುಮನೆ. ಪಾಠ ಹೇಳಿದ ಹುಡುಗ ಆತುರದಲ್ಲಿದ್ದ. ಆ ದಿನ ಇನ್ನೂ ನಾಲ್ಕು ದೋಣಿಗಳನ್ನು ಕಳಿಸಬೇಕಿತ್ತು. ಅವನು ಮುಗಿಸಿದ ಮೇಲೂ ನಾನು ಬಿಡದೆ ದಡಕ್ಕೆ ತರುವುದನ್ನು ಮೂರು ಸಲ ಮಾಡಿಸಿ ನೋಡಿದೆ. ನೀವೂ ಸಂಕೋಚಪಡಬೇಡಿ. ದೋಣಿಗೆ ಬ್ರೇಕ್ ಇಲ್ಲ. ನಿಲ್ಲಿಸಲು ಹಿಂದಕ್ಕೆ ಓಡಿಸಬೇಕು, ಗಾಳಿ ಬೀಸಿದರೆ ಅದು ತನ್ನಿಚ್ಛೆಯಂತೆ ಓರೆಯಾಗುತ್ತದೆ. ಇದು ಮೈಗೆ ಹತ್ತಲು ಒಂದು ದಿನ ಬೇಕೇ ಬೇಕು.

ಮೊದಲ ಲಾಕ್ ಅಲ್ಲಿಯೇ ಎದುರಿಗಿತ್ತು. ದಡದ ಕಟ್ಟೆಯ ಮೇಲೆ ಒಂದು ನೀಲಿ ಗೆರೆ ಎಳೆದಿರುತ್ತಾರೆ. ಲಾಕ್ ದಾಟಬೇಕೆನ್ನುವವರು ಅದರ ಪಕ್ಕಕ್ಕೆ ದೋಣಿ ಕಟ್ಟಿ ನಿಂತರೆ ಸಾಕು, ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಗೆರೆಯಾಚೆ ಕಟ್ಟಿದರೆ ನೀವು ಅಲ್ಲಿಯೇ ಉಳಿಯುವವರು ಎಂದುಕೊಂಡು ಕರೆಯುವುದೇ ಇಲ್ಲ. ಮುಂದೊಂದು ಕಡೆ ನಾವು ಹೀಗೆಯೇ ಮುಕ್ಕಾಲು ತಾಸು ಸುಮ್ಮನೆ ಕಾದೆವು.

ಲಾಕ್ ಎಂದರೆ ಎರಡು ಜೋಡಿ ಕದಗಳ ನಡುವಿನ ಕಲ್ಲಿನ ತೊಟ್ಟಿ. ನೀರಿನ ಎದುರಿಗೆ ಏರುವಾಗ ಕೆಳಗಿನ ಕದದಿಂದ ಒಳಗೆ ಹೋಗುತ್ತೀರಿ, ಹಿಂದೆ ಕದ ಮುಚ್ಚುತ್ತದೆ, ಮೇಲಿನ ತೂಬು ಎತ್ತುತ್ತಾರೆ, ತೊಟ್ಟಿ ತುಂಬುತ್ತಾ ದೋಣಿ ಮೇಲೇರುತ್ತದೆ, ಎರಡೂ ಕಡೆ ನೀರು ಸಮವಾದಾಗ ಮುಂದಿನ ಕದ ತಾನಾಗಿ ಸಡಿಲಗೊಳ್ಳುತ್ತದೆ. ಪಂಪ್ ಇಲ್ಲ, ವಿದ್ಯುತ್ ಇಲ್ಲ. ಇಡೀ ನಾಲೆಯಲ್ಲಿ ಮೂರು ಕಡೆ ಬಿಟ್ಟರೆ ಉಳಿದೆಲ್ಲ ಲಾಕ್‌ಗಳನ್ನು ಸರ್ಕಾರಿ ಸಂಸ್ಥೆಯಾದ ಪಾರ್ಕ್ಸ್ ಕೆನಡಾದ ಸಿಬ್ಬಂದಿ ಇಂದಿಗೂ ಕೈಯಿಂದಲೇ ತಿರುಗಿಸುತ್ತಾರೆ. ಅದಕ್ಕೆ ಬಳಸುವ ರಾಟೆಗೆ ಅಲ್ಲಿಯವರು ಏಡಿ ಎಂದು ಕರೆಯುತ್ತಾರೆ. ಕಬ್ಬಿಣದ ಹಲ್ಲಿನ ಚಕ್ರ, ಸುತ್ತ ಸರಪಳಿ, ಎರಡು ಬದಿ ಹಿಡಿ. ಇಬ್ಬರು ಎದುರು ಬದುರು ನಿಂತು ತಿರುಗಿಸುವಾಗ ಕಟಕಟ ಎಂಬ ಸದ್ದು ಕಲ್ಲಿನ ಗೋಡೆಗೆ ಬಡಿದು ಕೆಳಗಿರುವ ನಮಗೆ ಕೇಳಿಸುತ್ತದೆ. ಅಪ್ಪ ಹಗ್ಗ ಹಿಡಿದವರು ಕತ್ತೆತ್ತಿ ಆ ಹಲ್ಲುಗಳನ್ನೇ ಎಣಿಸುತ್ತಿದ್ದರು.

ಹಗ್ಗದ ವಿಷಯ ಗಮನವಿಟ್ಟು ಓದಿ. ಗೋಡೆಯ ಮೇಲಿಂದ ಕೆಳಗಿನವರೆಗೆ ಕಪ್ಪು ಹೊದಿಕೆಯ ಕೇಬಲ್‌ಗಳು ಇಳಿಬಿದ್ದಿರುತ್ತವೆ. ನಿಮ್ಮ ಹಗ್ಗವನ್ನು ಅದರ ಹಿಂದಿನಿಂದ ಒಂದು ಸುತ್ತು ತಂದು ತುದಿಯನ್ನು ಕೈಯಲ್ಲಿ ಹಿಡಿದಿರಬೇಕು. ಕಟ್ಟಲೇಬಾರದು. ಕಟ್ಟಿದರೆ ನೀರು ಇಳಿಯುವಾಗ ದೋಣಿ ಗೋಡೆಗೆ ನೇತುಬೀಳುತ್ತದೆ. ಮುಂದೊಬ್ಬರು, ಹಿಂದೊಬ್ಬರು, ಚುಕ್ಕಾಣಿಗೆ ಒಬ್ಬರು, ಹೀಗೆ ಮೂವರಿದ್ದರೆ ನಿರಾಳ. ಕೇಬಲ್ ಪಾಚಿಯಿಂದ ಜಾರುತ್ತದೆ, ಕೈಗವಸು ಒಯ್ಯಿರಿ. ಒಳಗೆ ಹೋದ ಕೂಡಲೇ ಎಂಜಿನ್ ಆರಿಸಬೇಕು. ಬೆಂಕಿಯೂ ಕೂಡದು. ಎರಡನೆಯ ಲಾಕ್‌ನಲ್ಲಿ ಒಲೆಯ ಮೇಲೆ ಕಾಫಿಗೆ ನೀರಿಟ್ಟಿದ್ದೆ. ಸಿಬ್ಬಂದಿಯ ಹುಡುಗಿ ಮೇಲಿನಿಂದ ವಾಸನೆ ಹಿಡಿದು, ಒಲೆ ಆರಿಸುವವರೆಗೆ ತೂಬು ಮುಟ್ಟಲಿಲ್ಲ. ಇಂಧನದ ಆವಿ ಆ ತೊಟ್ಟಿಯಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು ಎಂದು ವಿವರಿಸಿದಳು.

ಆ ಎರಡನೆಯ ಲಾಕ್‌ನ ಫಲಕ ಓದಿ ಅಪ್ಪ ಬೆರಗಾದರು. ‘ಪೂನಮಲಿ? ಮದ್ರಾಸಿಗೆ ಹೋಗುವಾಗ ಸಿಗುವ ಪೂನಮಲ್ಲಿಯೇ?’ ಅದೇ. ಭಾರತ ಕಂಡು ಬಂದ ಬ್ರಿಟಿಷರಿಂದ ಆ ಹೆಸರು ಇಲ್ಲಿಗೆ ಬಂತೆಂದು ಸಿಬ್ಬಂದಿಯೂ ಹೇಳಿದರು. ಬೆಂಗಳೂರಿನ ಬಸ್ಸು ಚೆನ್ನೈ ಸೇರುವ ಮುನ್ನ ಹಾದುಹೋಗುವ ಊರಿನ ಹೆಸರು, ದೇವದಾರುಗಳ ನಡುವೆ, ಜನವಸತಿಯೇ ಕಾಣದ ಒಂದು ತಿರುವಿನಲ್ಲಿ! ಅಪ್ಪ ಫಲಕದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅದನ್ನು ಊರಿಗೆ ಕಳಿಸಿದ್ದೇ ಕಳಿಸಿದ್ದು, ಆ ರಾತ್ರಿಯಿಡೀ ಅವರ ಮೊಬೈಲ್ ಸದ್ದು ಮಾಡುತ್ತಿತ್ತು.

ಶುಕ್ರವಾರ ದೊಡ್ಡ ಕೆರೆಗಳು. ಪೂನಮಲಿಯಿಂದ ಹೊರಟು ಲೋವರ್ ರಿಡೋ ಕೆರೆ ಸೇರುವಲ್ಲಿ ಜೊಂಡು ಪ್ರೊಪೆಲ್ಲರಿಗೆ ಸುತ್ತಿಕೊಂಡು ದೋಣಿ ನಡುಗಿತು. ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಓಡಿಸಿದರೆ ಬಿಚ್ಚಿಕೊಳ್ಳುತ್ತದೆ, ಗಾಬರಿ ಬೇಡ. ಸಂಜೆ ನ್ಯಾರೋಸ್ ಲಾಕ್ ಮುಟ್ಟಿದೆವು. ರಸ್ತೆ ಹೊತ್ತ ತಿರುಗುಸೇತುವೆಯನ್ನು ದೋಣಿಗಾಗಿ ಪಕ್ಕಕ್ಕೆ ತಿರುಗಿಸುತ್ತಾರೆ. ಅದಕ್ಕೆ ಮೂರು ಉದ್ದನೆಯ ಹಾರ್ನ್. ಇಲ್ಲಿ ಏರಿದ್ದು ಮೂರಡಿಯಷ್ಟೇ. ಇಷ್ಟಕ್ಕೆ ಒಂದು ಲಾಕ್ ಏಕೆ ಎಂಬ ನಮ್ಮ ಪ್ರಶ್ನೆಗೆ ಉತ್ತರ ಮುಂದಿನ ನ್ಯೂಬರೋದಲ್ಲಿದೆ. ಅಲ್ಲಿ ಎರಡು ನದಿಗಳ ನಡುವಿನ ದಿಣ್ಣೆಯನ್ನು ಸೀಳಬೇಕಿತ್ತು. ಮೇಲೆ ಮಣ್ಣು ಕಂಡರೂ ಕೆಳಗೆಲ್ಲ ಗಟ್ಟಿ ಬಂಡೆ. ಗುತ್ತಿಗೆದಾರರು ಕೈಚೆಲ್ಲಿದರು. ಕೂಲಿಯವರು ಚಳಿಜ್ವರದಿಂದ ಮಲಗಿದರು. ಕೊನೆಗೆ ಬೈ ಅವರು ಕೆರೆಗೆ ನಡುವೆ ಅಡ್ಡಗಟ್ಟೆ ಹಾಕಿ, ಮೇಲ್ಭಾಗದ ನೀರನ್ನೇ ಎತ್ತರಿಸಿ ಅಗೆಯುವ ಆಳವನ್ನು ಕಡಿಮೆ ಮಾಡಿದರು. ಆ ಅಡ್ಡಗಟ್ಟೆಯ ಲಾಕೇ ಈ ನ್ಯಾರೋಸ್. ‘ಬಂಡೆ ಒಡೆಯಲಾಗದಿದ್ದರೆ ನೀರನ್ನು ಎತ್ತು’ ಎಂದು ಅಪ್ಪ ತಲೆದೂಗಿದರು.

ಆ ಚಳಿಜ್ವರ ಮಲೇರಿಯ. ನಾಲೆ ಕಟ್ಟುವಾಗ ಸತ್ತವರು ಸುಮಾರು ಒಂದು ಸಾವಿರ ಮಂದಿ, ಅವರಲ್ಲಿ ಅರ್ಧದಷ್ಟು ಜನ ಮಲೇರಿಯಕ್ಕೇ ಬಲಿಯಾದರು. ಹೆಚ್ಚಿನವರು ಐರ್ಲೆಂಡಿನಿಂದ ಬಂದ ಬಡ ಕೂಲಿಗಳು ಮತ್ತು ಫ್ರೆಂಚ್ ಕೆನಡಿಯನ್ನರು. ಕ್ವಿನೈನ್ ಕೊಳ್ಳಲು ಬಹುತೇಕರ ಬಳಿ ಹಣವಿರಲಿಲ್ಲ. ಹಿಮ ಬೀಳುವ ನಾಡಿನಲ್ಲಿ ಮಲೇರಿಯವೇ ಎಂದು ನನಗೆ ನಂಬಲಾಗಿರಲಿಲ್ಲ. ಅಪ್ಪನಿಗೆ ಅದು ಹೊಸದೆನಿಸಲಿಲ್ಲ. ವಿಶ್ವೇಶ್ವರಯ್ಯ ನಾಲೆಯನ್ನು ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ಕಾಲದಲ್ಲಿ, ನೀರು ಬಂದ ಹೊಸದರಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಮನೆಗಿಬ್ಬರು ನಡುಗುತ್ತಾ ಮಲಗಿದ್ದರೆಂದು ಅಜ್ಜ ಹೇಳುತ್ತಿದ್ದರಂತೆ. ಆ ರಾತ್ರಿ ದೋಣಿಯ ಮೇಲ್ಛಾವಣಿಯಲ್ಲಿ ಕುಳಿತು ಅಪ್ಪ ಆ ಮಾತು ತೆಗೆದಾಗ ದೂರದಲ್ಲಿ ಲೂನ್ ಹಕ್ಕಿಯೊಂದು ಕೂಗುತ್ತಿತ್ತು. ಅಳುವಿನಂಥ ಆ ಕೂಗನ್ನು ನಾನು ಮರೆಯಲಾರೆ.

ಶನಿವಾರ ಬೆಳಿಗ್ಗೆ ನ್ಯೂಬರೋ. ಇದು ಕೈರಾಟೆ ಇಲ್ಲದ ಮೂರರಲ್ಲಿ ಒಂದು. ಒಟ್ಟಾವಾದಿಂದ 83 ಮೀಟರ್ ಏರಿ ಬಂದ ದಾರಿ ಇಲ್ಲಿಂದ ಆಚೆಗೆ ಇಳಿಯಲು ತೊಡಗುತ್ತದೆ. ಅನಾಹುತವಾದದ್ದು ಇದನ್ನು ದಾಟಿದ ಮೇಲೆಯೇ.

ನೀರಿನಲ್ಲಿ ಕೆಂಪು ಮತ್ತು ಹಸಿರು ತೇಲುಗುರುತುಗಳಿರುತ್ತವೆ. ಏರುವ ದಿಕ್ಕಿನಲ್ಲಿ ಕೆಂಪು ಬಲಕ್ಕಿರಬೇಕು ಎಂಬುದು ನಿಯಮ. ಎರಡು ದಿನ ಹಾಗೆಯೇ ಬಂದು ಅದು ನನ್ನ ಕೈಗೆ ರೂಢಿಯಾಗಿಬಿಟ್ಟಿತ್ತು. ನ್ಯೂಬರೋ ದಾಟಿದ ಕ್ಷಣದಿಂದ ನಾವು ಇಳಿಯುವವರು, ಆದ್ದರಿಂದ ಕೆಂಪು ಎಡಕ್ಕೆ ಬರಬೇಕು. ಪರೀಕ್ಷೆಯಲ್ಲಿ ಬರೆದಿದ್ದೆ, ನಕ್ಷೆಯಲ್ಲಿಯೂ ಇತ್ತು. ಆದರೂ ದ್ವೀಪಗಳೇ ತುಂಬಿದ ನ್ಯೂಬರೋ ಕೆರೆಯಲ್ಲಿ ಎದುರಿನಿಂದ ವೇಗದ ದೋಣಿಯೊಂದು ಬಂದಾಗ ನನ್ನ ಕೈ ಹಳೆಯ ರೂಢಿಗೆ ಓಡಿತು. ಕೆಂಪನ್ನು ಬಲಕ್ಕೆ ಬಿಟ್ಟೆ. ಆಳ ತೋರಿಸುವ ಅಂಕಿ ಸರಸರನೆ ಇಳಿಯಿತು. ಪತಿ ಕೂಗಿದರು. ಅಷ್ಟರಲ್ಲಿ ಕೆಳಗಿನಿಂದ ಕಬ್ಬಿಣವನ್ನು ಬಂಡೆಗೆ ಉಜ್ಜಿದ ಸದ್ದು ಬಂತು. ಆ ಸದ್ದು ಇವತ್ತಿಗೂ ನನ್ನ ಹೊಟ್ಟೆಯಲ್ಲಿದೆ. ಎಂಜಿನ್ ಆರಿಸಿ ಲಂಗರು ಬಿಟ್ಟೆವು. ಅಪ್ಪನಿಗೆ ಲೈಫ್ ಜಾಕೆಟ್ ಹಾಕಿಸಿ ಕೂರಿಸಿದೆ. ಅವರು ಏನೂ ಹೇಳದೆ ನೆಲದ ಹಲಗೆ ಎತ್ತಿ ನೀರು ಒಸರುತ್ತಿದೆಯೇ ಎಂದು ಕೈಯಿಟ್ಟು ನೋಡಿದರು. ‘ಒಣಗಿದೆ, ಹೆದರಬೇಡ’ ಎಂದರು. ನನಗೆ ಅಳು ಬಂತು.

ಕಂಪನಿಯ ತುರ್ತು ಸಂಖ್ಯೆಗೆ ಫೋನ್ ಮಾಡಿದರೆ ಸಂಪರ್ಕ ಸಿಗಲಿಲ್ಲ. ಕೆರೆಗಳ ನಡುವೆ ಹಲವು ಕಡೆ ಸಿಗ್ನಲ್ ಇಲ್ಲ. ಹಾದುಹೋಗುತ್ತಿದ್ದ ಮೀನುಗಾರರೊಬ್ಬರು ದೋಣಿ ನಿಲ್ಲಿಸಿ, ದಡದಿಂದ ಕರೆ ಮಾಡಿಕೊಟ್ಟರು. ತಂತ್ರಜ್ಞ ಬರಲು ನಾಲ್ಕು ತಾಸು ಹಿಡಿಯಿತು. ಪ್ರೊಪೆಲ್ಲರಿನ ಒಂದು ರೆಕ್ಕೆಯ ಅಂಚು ಮಡಚಿಕೊಂಡಿತ್ತು. ನಿಧಾನಕ್ಕೆ ಹೋದರೆ ತೊಂದರೆಯಿಲ್ಲ ಎಂದರು. ನೀವು ಮಾಡಬೇಕಾದ್ದು ಇಷ್ಟು: 1512 ಮತ್ತು 1513 ಸಂಖ್ಯೆಯ ಕಾಗದದ ನಕ್ಷೆಗಳನ್ನು ಕೊಂಡು ಇಟ್ಟುಕೊಳ್ಳಿ, ಮೊಬೈಲನ್ನೇ ನಂಬಬೇಡಿ. ನ್ಯೂಬರೋ ಲಾಕ್ ದಾಟುವ ಮೊದಲು ಒಂದು ಚೀಟಿಯಲ್ಲಿ ‘ಇನ್ನು ಕೆಂಪು ಎಡಕ್ಕೆ’ ಎಂದು ಬರೆದು ಚುಕ್ಕಾಣಿಯ ಮೇಲೆ ಅಂಟಿಸಿ. ಹಿಂತಿರುಗುವಾಗ ಅದೇ ಲಾಕ್‌ಗೆ ಏರಿ ಬರುವಾಗ ಕೆಂಪು ಬಲಕ್ಕೆ, ದಾಟಿ ಸ್ಮಿತ್ಸ್ ಫಾಲ್ಸ್ ಕಡೆಗೆ ಇಳಿಯುವಾಗ ಮತ್ತೆ ಎಡಕ್ಕೆ. ಹಾಗೆ ಅಂಟಿಸಿದ ಚೀಟಿಯೇ ನಮ್ಮನ್ನು ಕ್ಷೇಮವಾಗಿ ವಾಪಸು ತಂದಿತು.

ಆ ರಾತ್ರಿ ಚಾಫೀಸ್ ಲಾಕ್‌ನ ಮೇಲ್ಬದಿ ತಲುಪಿದಾಗ ಲಾಕ್ ಮುಚ್ಚಿತ್ತು. ಆಗಸ್ಟಿನ ಮೊದಲ ಸೋಮವಾರ ಇಲ್ಲಿ ರಜೆ. ಆ ವಾರಾಂತ್ಯದಲ್ಲಿ ಒಂಟಾರಿಯೋದ ಅರ್ಧ ಜನ ನೀರಿನ ಮೇಲೆಯೇ ಇರುತ್ತಾರೇನೋ ಅನ್ನಿಸುವಷ್ಟು ಸಾಲು. ಭಾನುವಾರ ಬೆಳಿಗ್ಗೆ ಮೂರನೆಯ ಸರದಿಯಲ್ಲಿ ನಮ್ಮನ್ನು ಒಳಗೆ ಬಿಟ್ಟರು. ಎರಡೂವರೆ ತಾಸು ಕಾದದ್ದು. ದಿನ ಆರಿಸಿಕೊಳ್ಳುವಾಗ ಉದ್ದ ವಾರಾಂತ್ಯವನ್ನು ತಪ್ಪಿಸಿ. ಶೌಚದ ತೊಟ್ಟಿಯನ್ನು ಖಾಲಿ ಮಾಡಿಸಿಕೊಳ್ಳುವ ಸೌಲಭ್ಯ ಇಲ್ಲಿನ ಮರೀನಾದಲ್ಲಿ ಸಿಕ್ಕಿತು. ನೀರಿಗೆ ಬಿಡುವುದು ಅಪರಾಧ. ಲಾಕ್ ನಿಲ್ದಾಣಗಳ ಶೌಚಾಲಯಗಳು ಚೊಕ್ಕಟವಾಗಿವೆ, ಹಗಲು ಅವನ್ನೇ ಬಳಸಿದರೆ ತೊಟ್ಟಿ ವಾರವಿಡೀ ಬಾಳುತ್ತದೆ.

ಮಧ್ಯಾಹ್ನದ ಮೇಲೆ ಡೇವಿಸ್ ಲಾಕ್. ಇಡೀ ದಾರಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದು. ಸುತ್ತ ಕಾಡು, ಒಂದು ಕಲ್ಲಿನ ಮನೆ, ಒಂದು ಲಾಕ್, ಬೇರೇನಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದವಳು ಬೇಸಿಗೆಯ ರಜೆಯ ಕಾಲೇಜು ಹುಡುಗಿ. ಅಪ್ಪ ರಾಟೆಯ ಬಳಿ ನಿಂತು ನೋಡುತ್ತಲೇ ಇದ್ದರು. ಇವರು ನಮ್ಮೂರಿನಲ್ಲಿ ನಾಲೆಯ ತೂಬು ಎತ್ತುತ್ತಿದ್ದವರು ಎಂದು ನಾನು ಹೇಳಿದೆ. ಅವಳು ಕೂಡಲೇ ಎದುರಿನ ಹಿಡಿಯನ್ನು ಅಪ್ಪನಿಗೆ ಬಿಟ್ಟುಕೊಟ್ಟಳು. ಅಪ್ಪ ಚಪ್ಪಲಿ ಬಿಟ್ಟರು. ಹಿಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಲಗಾಲು ಮುಂದಿಟ್ಟು, ಭುಜ ಕೊಡದೆ ಸೊಂಟದಿಂದ ತಳ್ಳತೊಡಗಿದರು. ಎರಡೇ ಸುತ್ತಿಗೆ ಹುಡುಗಿಗೆ ಆ ವ್ಯತ್ಯಾಸ ತಿಳಿಯಿತು, ತಾನೂ ಕಾಲು ಬದಲಿಸಿ ಹಾಗೆಯೇ ನಿಂತಳು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಸರಪಳಿ ಬಿಗಿಯಾಯಿತು, ಡಗ್ಲಸ್ ಫರ್ ಮರದ ಆ ಭಾರಿ ಕದ ನೀರನ್ನು ತಳ್ಳುತ್ತಾ ಮೆಲ್ಲಗೆ ತೆರೆಯಿತು. ಅಪ್ಪನ ಕೈಗೆ ಗ್ರೀಸ್ ಹತ್ತಿತ್ತು. ಸಂಜೆಯವರೆಗೂ ತೊಳೆಯಲಿಲ್ಲ.

ಸೋಮವಾರ ಜೋನ್ಸ್ ಫಾಲ್ಸ್. ನಾಲ್ಕು ಲಾಕ್‌ಗಳು ಸುಮಾರು 60 ಅಡಿ ಇಳಿಸುತ್ತವೆ. ಇಳಿದು ಮತ್ತೆ ಏರಲು ಅರ್ಧ ದಿನ ಬೇಕು, ನಾವು ಕೆರೆಯಲ್ಲಿ ಒಂದು ದಿನ ಕಳೆದುಕೊಂಡಿದ್ದೆವು. ದೋಣಿಯನ್ನು ಮೇಲೆಯೇ ಕಟ್ಟಿ ನಡೆದು ಹೋದೆವು. ಕಾಡಿನೊಳಗೆ ಬಿಲ್ಲಿನಂತೆ ಬಾಗಿದ ಕಲ್ಲಿನ ಅಣೆಕಟ್ಟು. ಕಟ್ಟಿದ ಕಾಲಕ್ಕೆ ಉತ್ತರ ಅಮೆರಿಕದಲ್ಲೇ ಅತಿ ಎತ್ತರದ್ದು. ಗುತ್ತಿಗೆದಾರ ಜಾನ್ ರೆಡ್‌ಪಾತ್, ಮುಂದೆ ಮಾಂಟ್ರಿಯಲ್‌ನಲ್ಲಿ ಸಕ್ಕರೆ ಕಾರ್ಖಾನೆ ತೆರೆದವರು. ಕಲ್ಲುಗಳನ್ನು ಮಲಗಿಸದೆ ನಿಲ್ಲಿಸಿ ಕಟ್ಟಿದ್ದಾರೆ ಎಂದು ಮೊದಲು ಕಂಡದ್ದು ಅಪ್ಪನಿಗೆ. ಕನ್ನಂಬಾಡಿಯನ್ನು ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿದ್ದನ್ನು ಹೇಳುತ್ತಾ ಅವರು ಗೋಡೆಯ ಬುಡದವರೆಗೂ ಇಳಿದರು. ಅಷ್ಟೆಲ್ಲ ಮಾಡಿದ ಬೈ ಅವರನ್ನು ಖರ್ಚು ಮೀರಿತೆಂದು 1832ರಲ್ಲೇ ಲಂಡನ್ನಿಗೆ ಕರೆಸಿಕೊಂಡು ಪ್ರಶ್ನಿಸಿದರಂತೆ. ನಾಲ್ಕು ವರ್ಷದಲ್ಲಿ ಅವರು ತೀರಿಕೊಂಡರು. ಇದನ್ನು ಹೇಳಿದಾಗ ಅಪ್ಪನ ಮುಖ ಬಾಡಿತು. ಮಧ್ಯಾಹ್ನ ಗುಡುಗು ಮಳೆ ಬಂದು ಅಂದು ಅಲ್ಲೇ ಉಳಿದೆವು. ಬಿಸಿ ಮುದ್ದೆ, ಹುರುಳಿ ಸಾರು. ಗುಡುಗಿರುವಾಗ ಕೆರೆಗೆ ಇಳಿಯಲೇಬೇಡಿ.

ಮಂಗಳವಾರ, ಬುಧವಾರ ಬಂದ ದಾರಿಯಲ್ಲೇ ಹಿಂತಿರುಗಿದೆವು. ಕಿಂಗ್‌ಸ್ಟನ್ ಮುಟ್ಟಲಾಗಲಿಲ್ಲ. ಸ್ಮಿತ್ಸ್ ಫಾಲ್ಸ್‌ನಿಂದ ಹೊರಟು ಒಂದು ವಾರದಲ್ಲಿ ಕಿಂಗ್‌ಸ್ಟನ್ ನೋಡಿ ಬರುತ್ತೇನೆ ಎಂದು ಲೆಕ್ಕ ಹಾಕಬೇಡಿ. ಅಗೆದ ನಾಲೆಯಲ್ಲಿ ತಾಸಿಗೆ 10 ಕಿಲೋಮೀಟರ್ ಮಿತಿ, ಲಾಕ್‌ಗಳು ಸಂಜೆ ಮುಚ್ಚುತ್ತವೆ, ಕತ್ತಲಲ್ಲಿ ಬಾಡಿಗೆ ದೋಣಿ ಓಡಿಸುವಂತಿಲ್ಲ. ಹಿರಿಯರಿದ್ದರೆ ದಿನಕ್ಕೆ ಎರಡು ಅಥವಾ ಮೂರು ನಿಲ್ದಾಣ ಸಾಕು.

ಖರ್ಚು: ಬಾಡಿಗೆ ಏಳು ರಾತ್ರಿಗೆ 4,300 ಕೆನಡಾ ಡಾಲರ್, ಅದರಲ್ಲಿ ಲಾಕ್ ಶುಲ್ಕ ಸೇರಿತ್ತು. ನಿಮ್ಮದೇ ದೋಣಿಯಾದರೆ ಲಾಕ್ ಪರವಾನಗಿ ಮತ್ತು ರಾತ್ರಿ ತಂಗುವ ಶುಲ್ಕ ಎರಡೂ ದೋಣಿಯ ಉದ್ದದ ಅಡಿಗಿಷ್ಟು ಎಂದಿರುತ್ತವೆ. ಎಂಜಿನ್ ಓಡಿದ ತಾಸುಗಳ ಲೆಕ್ಕದಲ್ಲಿ ಇಂಧನಕ್ಕೆ 310. ಠೇವಣಿ 1,000ದಲ್ಲಿ ಪ್ರೊಪೆಲ್ಲರಿಗೆಂದು 420 ಮುರಿದುಕೊಂಡರು. ಪಕ್ಕದ ಹಲಗೆಯಲ್ಲಿದ್ದ ಹಳೆಯ ಗೀರಿಗೂ ಹಣ ಕೇಳಿದರು. ಹೊರಡುವ ಮೊದಲು ನಾನು ಸುತ್ತಲೂ ತೆಗೆದಿಟ್ಟ ಫೋಟೋಗಳನ್ನು ತೋರಿಸಿದ ಮೇಲೆ ಅದನ್ನು ಕೈಬಿಟ್ಟರು. ಫೋಟೋ ತೆಗೆಯದೆ ಹೊರಡಬೇಡಿ. ಉಳಿದ ಠೇವಣಿ ಬಂದದ್ದು ನಿನ್ನೆ.

ಅಪ್ಪ ಸೆಪ್ಟೆಂಬರ್ ಕೊನೆಯವರೆಗೆ ಇಲ್ಲಿದ್ದಾರೆ. ಈಗ ದಿನವೂ ಸಂಜೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ತಾವೇ ಬಸ್ಸು ಹತ್ತಿ ಹಾರ್ಟ್‌ವೆಲ್ಸ್ ಲಾಕ್‌ಗೆ ಹೋಗಿ ಕೂರುತ್ತಾರೆ. ಅಲ್ಲಿನ ಸಿಬ್ಬಂದಿಗೆ ಅವರ ಗುರುತಾಗಿದೆ. ಮೊನ್ನೆ ಕತ್ತಲಾದರೂ ಬರಲಿಲ್ಲ. ನಾನು ಚಡಪಡಿಸಿ ಕಾರು ತೆಗೆಯುವಷ್ಟರಲ್ಲಿ ಬಾಗಿಲು ತಟ್ಟಿದರು. ಏಕಪ್ಪ ಇಷ್ಟು ಹೊತ್ತು ಎಂದೆ. ‘ಒಂದು ದೋಣಿ ತಡವಾಗಿ ಬಂತಮ್ಮ’ ಎನ್ನುತ್ತಾ ಚಪ್ಪಲಿ ಬಿಟ್ಟರು. ‘ಅದನ್ನು ದಾಟಿಸಿ, ಕದ ಹಾಕಿಸಿ ಬಂದೆ.’